ದಳವಾಯಿಯ ಭಕ್ತಿ

ನಾಯಿಗೆ ಥೈರಾಯ್ಡ್ ಎಂದರೆ ಮಧುಗಿರಿಯಲ್ಲಿ ನಂಬುವವರು ಯಾರು? ಸರೋಜಮ್ಮ ಸಿಕ್ಕಸಿಕ್ಕವರಿಗೆಲ್ಲ ಬಿಡಿಸಿ ಬಿಡಿಸಿ ಹೇಳಿ ನಾಲಿಗೆ ಸವೆಸಿಕೊಂಡಿದ್ದಳು. ಹೂವಿನವಳು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಎದುರುಮನೆಯವಳು ಇನ್ನು ಬಿಪಿ, ಶುಗರ್ರೂ ಬಂದುಬಿಡಲಿ ಬಿಡಿ, ಮನುಷ್ಯನೇ ಆಗಿಹೋಗುತ್ತದೆ ಅಂದಳು. ಔಷಧಿ ಅಂಗಡಿಯ ಶಂಕರಲಿಂಗಪ್ಪನಂತೂ ಚೀಟಿ ಹಿಡಿದುಕೊಂಡು ಅವಳನ್ನು ಮೇಲಿಂದ ಕೆಳಗೆ ನೋಡಿದ. ಚೀಟಿಯಲ್ಲಿ ‘ದಳವಾಯಿ, ಗಂಡು, ಏಳು ವರ್ಷ’ ಎಂದಿತ್ತು. ಬೆಳಗ್ಗೆ ಆರು ಮಾತ್ರೆ, ಸಂಜೆ ಆರು ಮಾತ್ರೆ ಎಂದಿತ್ತು. ಏಳು ವರ್ಷದ ಕೂಸಿಗೆ ದಿನಕ್ಕೆ ಹನ್ನೆರಡು ಮಾತ್ರೆ ನುಂಗಿಸಲು ಹೊರಟ ಅಜ್ಜಿ ಇವಳು ಎಂದುಕೊಂಡು ಪೊಲೀಸರಿಗೆ ಫೋನು ಮಾಡುವುದೊಂದು ಬಾಕಿ.

ಕೂಸಲ್ಲ ಕಣಪ್ಪ, ನಾಯಿ ಎಂದಳು. ಅನುಮಾನ ಇನ್ನೂ ಹೆಚ್ಚಾಯಿತು. ತನ್ನ ಹೆಂಡತಿಗೇ ದಿನಕ್ಕೆ ಒಂದು ಮಾತ್ರೆ, ನಾಯಿಗೆ ಹನ್ನೆರಡೇ ಎಂದು ಶುರುಮಾಡಿದ. ನಾಯಿಯ ಮೈ ಈ ಮಾತ್ರೆಯನ್ನು ಬೇಗ ಬೇಗ ಖರ್ಚು ಮಾಡಿಬಿಡುತ್ತದಂತೆ, ಅದಕ್ಕೇ ನಮಗಿಂತ ಜಾಸ್ತಿ ಬೇಕಂತೆ ಎಂದು ಶಿರಾದ ಡಾಕ್ಟರು ಹೇಳಿದ್ದನ್ನು ಸರೋಜಮ್ಮ ಗಿಣಿಪಾಠ ಒಪ್ಪಿಸಿದಳು. ಅಂಗಡಿಯ ಮುಂದೆ ನಿಂತಿದ್ದ ನಾಲ್ಕು ಜನವೂ ಕಿವಿಗೊಟ್ಟು ಕೇಳಿದರು. ಕೊನೆಗೆ ಶಂಕರಲಿಂಗಪ್ಪ ಡಾಕ್ಟರಿಗೇ ಫೋನು ಹಚ್ಚಿ, ಮಾತಾಡಿ, ಮುಖ ಸಣ್ಣಗೆ ಮಾಡಿಕೊಂಡು ಮಾತ್ರೆ ಎಣಿಸಿ ಕೊಟ್ಟ. ಕೊಡುವಾಗಲೂ, ಒಂದೆರಡು ಕಮ್ಮಿ ಹಾಕಿ ನೋಡಿ ಎಂದು ಸ್ವಂತ ಬುದ್ಧಿ ಸೇರಿಸುವುದನ್ನು ಮರೆಯಲಿಲ್ಲ. ಸರೋಜಮ್ಮನಿಗೆ ಮೈ ಉರಿದುಹೋಯಿತು.

ದಳವಾಯಿ ಲ್ಯಾಬ್ರಡಾರ್ ಜಾತಿಯದು. ಕೊರಟಗೆರೆಗೆ ಮದುವೆ ಮಾಡಿಕೊಟ್ಟ ಮಗಳು ಗಗನಾ ಏಳು ವರ್ಷದ ಹಿಂದೆ ಒಂದು ಹಣ್ಣಿನ ಬುಟ್ಟಿಯಲ್ಲಿ ತಂದು ಅಮ್ಮನ ಮಡಿಲಿಗೆ ಹಾಕಿಹೋದ ಮರಿ. ಕಾಲು ಗಟ್ಟಿಯಾಗುತ್ತಲೇ ಅದು ಬೀದಿಯ ಯಜಮಾನಿಕೆ ವಹಿಸಿಕೊಂಡಿತು. ಸರೋಜಮ್ಮ ಸಂತೆಗೆ ಹೊರಟರೆ ಮುಂದೆ ಮುಂದೆ ದಾರಿ ಬಿಡಿಸುತ್ತ ಹೋಗುತ್ತಿತ್ತು. ಗೇಟಿನ ಮೇಲೆ ಯಾರಾದರೂ ಕೈ ಇಟ್ಟರೆ ಎದೆ ನಡುಗುವ ಹಾಗೆ ಬೊಗಳುತ್ತಿತ್ತು. ಆ ಬೊಗಳಿಕೆ ಕೇಳಿಸಿದರೆ ಸರೋಜಮ್ಮನಿಗೆ ಒಳಗೆ ಒಲೆಯ ಮುಂದೆ ನಿಂತಲ್ಲೇ ಒಂದು ಧೈರ್ಯ. ಮನೆ ತುಂಬಿದೆ ಅನ್ನಿಸುತ್ತಿತ್ತು.

ಅದಕ್ಕೆ ಆಗದವರು ಒಬ್ಬರೇ, ಅವಳ ಗಂಡ ಮರುಳಸಿದ್ದಯ್ಯ. ತಪ್ಪು ಇಬ್ಬರದೂ ಇತ್ತೆನ್ನಿ. ಮರುಳಸಿದ್ದಯ್ಯ ಮೂವತ್ತೆರಡು ವರ್ಷ ಕರೆಂಟು ಆಫೀಸಿನಲ್ಲಿ ಮೀಟರ್ ರೀಡರ್ ಆಗಿದ್ದವರು. ಪಾವಗಡ, ಕೊರಟಗೆರೆ, ಮಧುಗಿರಿ ಎಂದು ಮನೆ ಮನೆಯ ಮೆಟ್ಟಿಲು ಹತ್ತಿ ಇಳಿದು ನಾಲ್ಕು ಸಲ ನಾಯಿಯಿಂದ ಕಚ್ಚಿಸಿಕೊಂಡು, ಹೊಕ್ಕಳ ಸುತ್ತ ಇಂಜೆಕ್ಷನ್ ಹಾಕಿಸಿಕೊಂಡ ಕಾಲದವರು. ನಾಯಿ ಕಂಡರೆ ಅವರಿಗೆ ಬೆವರು. ಬೆವರಿದವರನ್ನು ಕಂಡರೆ ದಳವಾಯಿಗೆ ಅನುಮಾನ. ಸ್ವಂತ ಮನೆಗೆ ಬರುವಾಗಲೂ ಗೇಟಿನಾಚೆ ನಿಂತು ಹೆಂಡತಿಯನ್ನು ಕೂಗಬೇಕಿತ್ತು. ಅವಳು ಬಂದು ಕೊರಳಪಟ್ಟಿ ಹಿಡಿದುಕೊಂಡ ಮೇಲೆ ಗೋಡೆ ಸವರಿಕೊಂಡು ಒಳಗೆ ನುಸುಳುತ್ತಿದ್ದರು. ಐದೂವರೆ ವರ್ಷ ಹೀಗೇ ನಡೆಯಿತು.

ಆಮೇಲೆ ದಳವಾಯಿ ಮೆತ್ತಗಾಯಿತು.

ಮೊದಲು ಯಾರಿಗೂ ಗೊತ್ತಾಗಲಿಲ್ಲ. ಸಂತೆಗೆ ಬರುವುದು ಬಿಟ್ಟಿತು. ಹಾಕಿದ್ದರಲ್ಲಿ ಅರ್ಧ ತಿಂದರೂ ಮೈ ಮಾತ್ರ ಕಣಜದಂತೆ ಊದಿತು. ಬಾಲದ ಕೂದಲು ಉದುರಿ ಹೆಗ್ಗಣದ ಬಾಲವಾಯಿತು, ಹೊಟ್ಟೆಯ ಕೆಳಗಿನ ಚರ್ಮ ಕಪ್ಪಿಟ್ಟಿತು. ಮುಖವೆಲ್ಲ ಜೋತುಬಿದ್ದು, ಯಾರೋ ಸತ್ತ ಸುದ್ದಿ ಕೇಳಿದವರ ಹಾಗೆ ಕೂರುತ್ತಿತ್ತು. ಗೇಟು ಕಿರುಗುಟ್ಟಿದರೂ ತಲೆ ಎತ್ತುತ್ತಿರಲಿಲ್ಲ. ಒಬ್ಬರು ಬೇವಿನೆಣ್ಣೆ ಹಚ್ಚು ಅಂದರು, ಒಬ್ಬರು ದೃಷ್ಟಿ ತೆಗೆ ಅಂದರು. ಸರೋಜಮ್ಮ ಎರಡನ್ನೂ ಮಾಡಿ ಕೈ ಬಿಟ್ಟಳು.

ಬೊಗಳುವುದು ನಿಂತ ಎರಡನೆಯ ತಿಂಗಳಿಗೆ ಅದು ತಾನಾಗಿ ಎದ್ದು ಪೂಜೆಕೋಣೆಗೆ ಹೋಯಿತು. ಮರುಳಸಿದ್ದಯ್ಯ ದಿನವೂ ನಾಲ್ಕೂವರೆಗೆ ಎದ್ದು, ತಣ್ಣೀರು ಮಿಂದು, ಐದಕ್ಕೆಲ್ಲ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತುಬಿಡುವವರು. ಆವತ್ತು ಕಣ್ಣು ಬಿಟ್ಟಾಗ ಮಗ್ಗುಲಲ್ಲಿ ನಾಯಿ! ಬೆವರಲಿಕ್ಕೂ ಪುರುಸೊತ್ತಾಗಲಿಲ್ಲ. ಅದು ದೀಪಗಳ ಎದುರು ಮುಂಗಾಲು ಚಾಚಿ, ಕಣ್ಣು ಅರ್ಧ ಮುಚ್ಚಿ ಮಲಗಿತ್ತು. ಮಾರನೆಯ ದಿನವೂ ಬಂತು. ಅದರ ಮಾರನೆಯ ದಿನವೂ ಬಂತು. ಒಂದು ವಾರಕ್ಕೆ ಮರುಳಸಿದ್ದಯ್ಯ ಧೈರ್ಯ ಮಾಡಿ ಅದರ ಹಣೆಗೆ ವಿಭೂತಿ ಹಚ್ಚಿದರು. ಅದು ಸುಮ್ಮನೆ ಹಚ್ಚಿಸಿಕೊಂಡಿತು.

ಅಲ್ಲಿಗೆ ಮುಗಿಯಿತು. ದಳವಾಯಿ ಎಂಬ ಹೆಸರು ಹಿಂಸೆಯದು, ಇನ್ನು ಮೇಲೆ ಶಾಂತಯ್ಯ ಅನ್ನಿ ಎಂದು ಮರುಳಸಿದ್ದಯ್ಯ ಮನೆಗೆಲ್ಲ ಅಪ್ಪಣೆ ಮಾಡಿದರು. ಸರೋಜಮ್ಮ ಅದಕ್ಕೆ ಸೊಪ್ಪು ಹಾಕಲಿಲ್ಲ. ಆದರೆ ಸುದ್ದಿ ಹಬ್ಬಿತು. ಸೋಮವಾರ ಒಪ್ಪತ್ತು ಮಾಡುವ ನಾಯಿಯಂತೆ, ಪೂಜೆ ಮುಗಿಯುವ ತನಕ ಅಲ್ಲಾಡುವುದಿಲ್ಲವಂತೆ. ಜನ ಬರತೊಡಗಿದರು. ಬಂದವರಿಗೆಲ್ಲ ಕಾಫಿ ಮಾಡುವವಳು ಯಾರು? ಸರೋಜಮ್ಮ. ನಾಯಿಯ ಉದುರಿದ ಕೂದಲು ಗುಡಿಸುವವಳು ಯಾರು? ಅವಳೇ. ಮರುಳಸಿದ್ದಯ್ಯ ಮಾತ್ರ ಜಗಲಿಯಲ್ಲಿ ಕೂತು, ಪೂರ್ವಜನ್ಮದಲ್ಲಿ ಯಾವುದೋ ದೊಡ್ಡ ಶಿವಭಕ್ತ ಕಣ್ರೀ ಇದು ಎಂದು ವಿವರಿಸುತ್ತಿದ್ದರು.

ಗೌರಿ ಹಬ್ಬಕ್ಕೆ ಬಂದ ಗಗನಾ ನಾಯಿಯ ಬಾಲ ನೋಡಿದವಳೇ ತಲೆ ಮೇಲೆ ಕೈ ಹೊತ್ತಳು. ಇದು ಭಕ್ತಿಯೂ ಅಲ್ಲ, ಮಣ್ಣೂ ಅಲ್ಲ, ನಾಳೆಯೇ ಶಿರಾಕ್ಕೆ ಕರೆದುಕೊಂಡು ಹೋಗಿ ಎಂದು ಅಲ್ಲಿಯ ನಾಯಿ ಡಾಕ್ಟರ ನಂಬರು ಕೊಟ್ಟಳು. ಬಸ್ಸಿನವರು ಇಷ್ಟು ದೊಡ್ಡ ನಾಯಿಯನ್ನು ಹತ್ತಿಸಿಕೊಳ್ಳುತ್ತಾರೆಯೇ? ಹಿಂದಿನ ಬೀದಿಯ ಕದರಪ್ಪನ ಲಗೇಜ್ ಆಟೋ ಗೊತ್ತು ಮಾಡಬೇಕಾಯಿತು. ಕದರಪ್ಪ ಪಾವಗಡದ ಕಡೆಯವನು, ಮಾತಿಗೊಂದು ತೆಲುಗು ಬೆರೆಸುವವನು. ನಮ್ಮ ಅಪ್ಪನಿಗೇ ಇನ್ನೂ ರಕ್ತ ಪರೀಕ್ಷೆ ಮಾಡಿಸಿಲ್ಲ ಕದಾ ಅಕ್ಕಾ ಎಂದು ಶಿರಾ ಮುಟ್ಟುವವರೆಗೂ ಅದೇ ರಾಗ. ಸರೋಜಮ್ಮ ಹಿಂದೆ ಗೋಣಿತಾಟಿನ ಮೇಲೆ ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬಿಸಿಲಿನಲ್ಲೂ ಅದು ನಡುಗುತ್ತಿತ್ತು.

ಡಾಕ್ಟರ್ ಭೀಮರಾಜು ಮಾತು ಕಡಿಮೆಯ ಮನುಷ್ಯ. ಕಿವಿ, ಕಣ್ಣು, ಬಾಲ ನೋಡಿದರು, ಎದೆಗೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. ರಕ್ತ ತೆಗೆದು ಕಳಿಸಿ, ಮೂರನೆಯ ದಿನ ಫೋನಿನಲ್ಲಿ ಬರಹೇಳಿದರು. ಕುತ್ತಿಗೆಯಲ್ಲಿರುವ ಗ್ರಂಥಿ ಕೆಲಸ ನಿಲ್ಲಿಸಿದೆ, ಮೈಗೆ ಬೇಕಾದ ಚುರುಕು ಅಲ್ಲಿಂದಲೇ ಬರಬೇಕು, ಅದಕ್ಕೇ ಎದೆ ಬಡಿತವೂ ನಿಧಾನ, ರಕ್ತವೂ ಸೊರಗಿದೆ ಎಂದರು. ಗುಣವಾಗುವ ಕಾಯಿಲೆಯಲ್ಲ, ಆದರೆ ಮಾತ್ರೆ ಕೊಡುತ್ತ ಇದ್ದರೆ ಮೊದಲಿನಂತೆಯೇ ಓಡಾಡಿಕೊಂಡಿರುತ್ತದೆ. ಜೀವ ಇರುವವರೆಗೂ ಕೊಡಬೇಕು. ಕೊಡದಿದ್ದರೆ ಹಿಂಗಾಲು ಸೋಲುತ್ತವೆ, ಯಾವುದಾದರೂ ಚಳಿಯ ಬೆಳಗ್ಗೆ ಏಳದೆಯೂ ಇರಬಹುದು. ಸರೋಜಮ್ಮ ಬೆರಳು ಮಡಿಸಿ ತಿಂಗಳು ಎಣಿಸಿದಳು. ದೀಪಾವಳಿ ಕಳೆದರೆ ಚಳಿಗಾಲವೇ.

ಅಷ್ಟಾದರೂ, ಗಂಡನ ಮಾತನ್ನೂ ಕೇಳಿಯೇಬಿಡೋಣ ಎಂದು, ಇದು ದಿನವೂ ಪೂಜೆಗೆ ಕೂರುತ್ತದಲ್ಲ, ಅದು ಯಾಕೆ ಎಂದು ವಿಚಾರಿಸಿದಳು.

‘ಅದು ದೇವರ ಹತ್ರ ಹೋಗ್ತಿಲ್ಲ ಕಣಮ್ಮ, ದೀಪದ ಹತ್ರ ಹೋಗ್ತೈತೆ,’ ಎಂದರು ಭೀಮರಾಜು. ‘ಚಳಿ ಅದಕ್ಕೆ. ಒಳಗೇ ಚಳಿ.’

ಮನೆಗೆ ಬಂದು ಆ ದೀಪದ ಮಾತನ್ನು ಗಂಡನಿಗೆ ಒಂದಕ್ಷರ ಬಿಡದೆ ಹೇಳಿದಳು. ಮರುಳಸಿದ್ದಯ್ಯ ಎರಡು ದಿನ ಮಾತು ಬಿಟ್ಟರು.

ಈಗ ಶುರುವಾಯಿತು ನೋಡಿ ಸರೋಜಮ್ಮನ ವನವಾಸ. ಮಾತ್ರೆ ಖಾಲಿ ಹೊಟ್ಟೆಯಲ್ಲೇ ಹೋಗಬೇಕು. ಕೊಟ್ಟು ಒಂದು ಗಂಟೆ ಏನೂ ತಿನ್ನಿಸಬಾರದು. ಹಾಲು, ಮೊಸರು ಹತ್ತಿರವೂ ಸುಳಿಯಬಾರದು, ಹಾಲಿನ ಸುಣ್ಣದ ಅಂಶ ಮಾತ್ರೆಯನ್ನು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಬೆಳಗ್ಗೆ ಆರಕ್ಕೆ ಕೊಟ್ಟರೆ ಸಂಜೆಯೂ ಆರಕ್ಕೇ. ದಿನವೂ ಒಂದೇ ಹೊತ್ತು, ಒಂದೇ ರೀತಿ. ಅವಳು ಆರು ಮಾತ್ರೆಯನ್ನು ಪುಡಿಮಾಡಿ ಗೋಲಿ ಗಾತ್ರದ ರಾಗಿಮುದ್ದೆಯಲ್ಲಿ ಅಡಗಿಸಿ ಬಾಯಿಗಿಟ್ಟರೆ, ಅದು ನುಂಗಿದ ಹಾಗೆ ನಟಿಸಿ ಹಂಡೆಯ ಹಿಂದೆ ಹೋಗಿ ಉಗುಳಿ ಬರುತ್ತಿತ್ತು. ಆಮೇಲೆ ಅವಳು ದವಡೆ ಹಿಡಿದು ಗಂಟಲು ನೀವಿ, ನುಂಗಿದ್ದು ಕೈಗೆ ಗೊತ್ತಾದ ಮೇಲೆಯೇ ಬಿಡುವುದು ಕಲಿತಳು. ಮದುವೆ, ಮುಂಜಿ, ಗೃಹಪ್ರವೇಶ ಎಲ್ಲಕ್ಕೂ ಹೋಗಿ ಸಂಜೆ ಆರರೊಳಗೆ ಮನೆ ಸೇರುವುದು. ಗೌಡಗೆರೆಯ ತಂಗಿಯ ಮನೆಯಲ್ಲಿ ಹೋಳಿಗೆ ಎಲೆಗೆ ಬೀಳುವ ಮುಂಚೆಯೇ ಎದ್ದು ಬಂದದ್ದಕ್ಕೆ ತಂಗಿ ಇನ್ನೂ ಮುನಿಸಿಕೊಂಡಿದ್ದಾಳೆ.

ಈ ನಡುವೆ ಗಂಡ ಒಂದು ಉಪಕಾರ ಮಾಡಿದ್ದರು. ಪೂಜೆಗೆ ಹಾಲು ಕಾಯಿಸಲು ನೀನು ಏಳುವುದು ಬೇಡ, ನಾನೇ ಕಾಯಿಸಿಕೊಳ್ಳುತ್ತೇನೆ, ಐದೂವರೆವರೆಗೆ ಮಲಗು ಎಂದಿದ್ದರು. ಮೂವತ್ತಾರು ವರ್ಷದಲ್ಲಿ ಮೊದಲನೆಯ ಸಲ ಅಂಥ ಮಾತು ಕೇಳಿ ಸರೋಜಮ್ಮ ಮಗಳಿಗೆ ಫೋನು ಮಾಡಿ ಹೇಳಿಕೊಂಡಿದ್ದಳು.

ಆರು ವಾರಕ್ಕೆ ಮತ್ತೆ ರಕ್ತ ಪರೀಕ್ಷೆ. ಮತ್ತೆ ಕದರಪ್ಪನ ಆಟೋ, ಮತ್ತೆ ಅವರಪ್ಪನ ಪುರಾಣ. ಬೆಳಗ್ಗೆ ಮಾತ್ರೆ ಕೊಟ್ಟ ನಾಲ್ಕೈದು ಗಂಟೆಗೆ ಸರಿಯಾಗಿ ರಕ್ತ ತೆಗೆಯಬೇಕೆಂದು ಗಡಿಯಾರ ನೋಡಿಕೊಂಡು ಹೋದಳು. ಮೂರನೆಯ ದಿನ ಭೀಮರಾಜು ಫೋನು ಮಾಡಿದರು. ಅಂಕಿ ಎಳ್ಳಷ್ಟೂ ಮೇಲೆದ್ದಿರಲಿಲ್ಲ.

ಮಾತ್ರೆ ತಪ್ಪದೆ ಕೊಡುತ್ತಿದ್ದೀರಾ ಎಂದು ಕೇಳಿದರು. ಕೊಡುತ್ತಿದ್ದೇನೆ ಅಂದಳು. ಖಾಲಿ ಹೊಟ್ಟೆಯಲ್ಲೇ? ಖಾಲಿ ಹೊಟ್ಟೆಯಲ್ಲೇ. ಹಾಲು? ಹಾಲಿನ ವಾಸನೆಯೂ ಇಲ್ಲ. ಅವರು ಒಂದು ಕ್ಷಣ ಸುಮ್ಮನಾದರು. ಆ ಸುಮ್ಮನಾದದ್ದು ಸರೋಜಮ್ಮನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಗಡಿಯಾರದ ಮುಳ್ಳಿಗೆ ಜೀವ ಕಟ್ಟಿಕೊಂಡು ಬದುಕುತ್ತಿರುವವಳನ್ನು ಅನುಮಾನಿಸುವುದೇ? ನಾನು ಸುಳ್ಳು ಹೇಳುವವಳಲ್ಲ ಎಂದು ಸ್ವಲ್ಪ ಜೋರಾಗಿಯೇ ಅಂದಳು. ಹಾಗಾದರೆ ಇದರ ಮೈಗೆ ಇದು ಸಾಲದು, ಎಂಟಕ್ಕೆ ಏರಿಸಿ ನೋಡೋಣ ಎಂದರು ಡಾಕ್ಟರು.

ಎಂಟು ಎಂದಾಗ ಶಂಕರಲಿಂಗಪ್ಪ ಏನೆಂದನೋ ಅದನ್ನು ಇಲ್ಲಿ ಬರೆಯುವುದು ಬೇಡ. ಹಳೆಯ ಸ್ಟಾಕು ಕೊಟ್ಟಿದ್ದೀಯ ಎಂದು ಇವಳೂ ಅವನ ಮೇಲೆ ಹರಿಹಾಯ್ದಳು. ಅವನು ಪೆಟ್ಟಿಗೆ ಪೆಟ್ಟಿಗೆಯನ್ನೇ ಇಳಿಸಿ ತಾರೀಕು ತೋರಿಸಿದ. ಅಲ್ಲಿಂದ ಹಾಲಿನ ಪಾಪಕ್ಕನ ಜತೆಗೂ ಜಗಳವಾಯಿತು. ಒಂದು ಲೀಟರು ಹಾಕಿಸಿಕೊಂಡರೆ ಬೆಳಗ್ಗೆ ಕಾಫಿಗೇ ಸಾಲದು, ನೀನು ಅಳತೆ ಮುರಿಯುತ್ತೀಯ ಎಂದು ಬೀದಿಯಲ್ಲಿ ನಿಂತು ಆಡಿದಳು. ಪಾಪಕ್ಕ ಕಣ್ಣಲ್ಲಿ ನೀರು ಹಾಕಿಕೊಂಡು ಹೋದಳು. ನಾಯಿ ಮಾತ್ರ ಹಾಗೇ ಇತ್ತು. ಕಾರ್ತಿಕ ಹುಟ್ಟಿ ಚಳಿ ಬಿದ್ದ ಮೇಲೆ ಮೆಟ್ಟಿಲು ಹತ್ತುವಾಗ ಅದರ ಹಿಂಗಾಲು ಒಮ್ಮೆ ಕುಸಿಯಿತು. ಸರೋಜಮ್ಮ ಅದನ್ನು ತಬ್ಬಿಕೊಂಡು ಮೆಟ್ಟಿಲ ಮೇಲೆಯೇ ಕೂತು ಅತ್ತಳು.

ಮರುಳಸಿದ್ದಯ್ಯನಿಗೆ ಇದಾವುದರ ಪರಿವೆಯೂ ಇದ್ದ ಹಾಗೆ ಕಾಣಲಿಲ್ಲ. ಅವರು ಕಾರ್ತಿಕದ ಮೂರನೆಯ ಸೋಮವಾರ ತಮ್ಮ ಮನೆಯಲ್ಲಿ ಶಿವಾನುಭವ ಗೋಷ್ಠಿ ಇಟ್ಟುಕೊಂಡಿದ್ದರು. ತಿಂಗಳಿಗೊಂದು ಮನೆಯಲ್ಲಿ ಸೇರಿ ಭಜನೆ, ಪ್ರವಚನ, ಪ್ರಸಾದ ಮಾಡುವ ನಲವತ್ತು ಜನರ ಕೂಟ ಅದು. ಈ ಸಲ ಕೊರಟಗೆರೆಯಿಂದ, ಗೌಡಗೆರೆಯಿಂದಲೂ ಜನ ಬರುತ್ತಾರೆ, ಶಾಂತಯ್ಯನನ್ನು ನೋಡಲೆಂದೇ ಬರುತ್ತಾರೆ ಎಂದು ಹಿಗ್ಗಿದ್ದರು. ನಲವತ್ತೋ ಅರವತ್ತೋ ಜನರ ಅಡಿಗೆ ಯಾರ ತಲೆಗೆ ಬಂತೆಂದು ಹೇಳಬೇಕಿಲ್ಲ.

ಹಾಗಾಗಿ ಆ ಸೋಮವಾರ ಸರೋಜಮ್ಮ ಐದಕ್ಕೇ ಎದ್ದಳು. ಬೇಳೆ ಬೇಯಲು ಹಾಕೋಣವೆಂದು ಅಡಿಗೆಮನೆಗೆ ಬಂದರೆ ಒಲೆಯ ಮೇಲೆ ಹಾಲಿನ ಪಾತ್ರೆ ಬಿಸಿಯಾಗಿಯೇ ಇತ್ತು, ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿತ್ತು. ಅಂಗೈಯ ಲಿಂಗಕ್ಕೆ ಎರಡು ಉದ್ಧರಣೆ ಹಾಲು ಸಾಕು, ಇಷ್ಟೆಲ್ಲ ಎಲ್ಲಿ ಹೋಯಿತು? ಪೂಜೆಕೋಣೆಯ ಬಾಗಿಲು ಮುಂದಕ್ಕೆ ಮಾಡಿತ್ತು. ತಳ್ಳಿದಳು.

ದೀಪದ ಎದುರು ದಳವಾಯಿ ಮಲಗಿತ್ತು. ಅದರ ಮುಂದೆ ಅವಳದೇ ಹಿತ್ತಾಳೆ ಬಟ್ಟಲು. ಬಟ್ಟಲ ತುಂಬ ಹಾಲು, ಹಾಲಿನಲ್ಲಿ ಕಿವುಚಿದ ಬಾಳೆಹಣ್ಣು, ಬೆಲ್ಲ. ನಾಯಿ ಮಲಗಿದಲ್ಲಿಂದಲೇ ಲೊಚಲೊಚ ನೆಕ್ಕುತ್ತಿತ್ತು. ಮರುಳಸಿದ್ದಯ್ಯ ಅದರ ಬೆನ್ನು ಸವರುತ್ತ, ಮಗುವಿಗೆ ಹೇಳುವ ಹಾಗೆ ಏನೋ ಹೇಳುತ್ತಿದ್ದರು. ಗಂಟೆ ಐದೂ ಹತ್ತು. ಇನ್ನು ಐವತ್ತು ನಿಮಿಷಕ್ಕೆ ಅವಳು ಅದೇ ಹೊಟ್ಟೆಗೆ ಎಂಟು ಮಾತ್ರೆ ಇಳಿಸುವವಳಿದ್ದಳು.

ಪಾಪಕ್ಕನ ಕಣ್ಣೀರು, ಶಂಕರಲಿಂಗಪ್ಪನ ಪೆಟ್ಟಿಗೆಗಳು, ಡಾಕ್ಟರು ಸುಮ್ಮನಾದದ್ದು, ಕುಸಿದ ಹಿಂಗಾಲು ಎಲ್ಲ ಒಟ್ಟಿಗೆ ಸರೋಜಮ್ಮನ ಕಣ್ಣ ಮುಂದೆ ಬಂದವು. ಪ್ರಸಾದ ಅಲ್ವೇನೆ, ಬರೀ ಒಂದು ಬಟ್ಟಲು ಎಂದು ಮರುಳಸಿದ್ದಯ್ಯ ತೊದಲಿದರು. ದಿನವೂ ಕೊಡುತ್ತಿದ್ದೀರಾ ಎಂದು ಕೇಳಿದಳು. ದಿನವೂ ಎಂದರು. ಪಾಪ, ಮುದುಕ, ಗೊತ್ತಿಲ್ಲದೆ ಮಾಡಿದ್ದಾರೆ ಎಂದು ಅವಳ ಸಿಟ್ಟು ಅರ್ಧ ಇಳಿಯುವುದರಲ್ಲಿತ್ತು. ಆಗ ಲಿಂಗದ ಕರಡಿಗೆಯ ಪಕ್ಕದಲ್ಲಿ ಮಡಿಸಿಟ್ಟಿದ್ದ ಕಾಗದ ಕಣ್ಣಿಗೆ ಬಿತ್ತು. ಮಾತ್ರೆಯ ಪೆಟ್ಟಿಗೆಯೊಳಗೆ ಬರುವ ಸಣ್ಣಕ್ಷರದ ಚೀಟಿ ಅದು. ಮೀಟರಿನ ಅಂಕಿ ಓದಿ ಅಭ್ಯಾಸವಾದ ಕಣ್ಣು, ಒಂದು ಸಾಲೂ ಬಿಡದೆ ಓದಿತ್ತು. ಹಾಲಿನ ಜತೆ ಕೊಡಬಾರದು ಎಂಬ ಸಾಲಿನ ಕೆಳಗೆ ಪೆನ್ಸಿಲ್ ಗೆರೆಯೂ ಇತ್ತು.

‘ಗೊತ್ತಿತ್ತಾ ನಿಮಗೆ?’

ಮರುಳಸಿದ್ದಯ್ಯ ತಲೆ ತಗ್ಗಿಸಿದರು. ‘ಗೊತ್ತಿತ್ತು.’

‘ಗೊತ್ತಿದ್ದೂ ಕುಡಿಸಿದ್ರಾ?’

ನಾಯಿ ಬಟ್ಟಲ ತಳ ನೆಕ್ಕುವ ಸದ್ದೊಂದೇ. ಆಮೇಲೆ ಅವರು ನೆಲ ನೋಡುತ್ತಲೇ ಹೇಳಿದರು: ‘ಇವ್ನಿಗೆ ವಾಸಿ ಆಗ್ಬುಟ್ರೆ ಮತ್ತೆ ನನ್ನ ನೋಡಿ ಬೊಗಳ್ತಾನೆ ಕಣೆ. ಮೂವತ್ತೆರಡು ವರ್ಷ ಊರು ತುಂಬ ಎಲ್ಲಾವೂ ಬೊಗಳಿದ್ವು. ಇದೊಂದೇ ನನ್ ಪಕ್ಕ ಬಂದು ಮಲಗಿದ್ದು.’

ಸರೋಜಮ್ಮನಿಗೆ ಅಳಬೇಕೋ ಎರಡು ಬಿಡಬೇಕೋ ತಿಳಿಯಲಿಲ್ಲ. ಅರವತ್ತಾರು ವರ್ಷದ ಗಂಡಸು, ಮೂರು ತಾಲ್ಲೂಕು ಸುತ್ತಿದವರು, ಒಂದು ನಾಯಿ ಬೊಗಳುತ್ತದೆಂದು ಕಾಯಿಲೆಯನ್ನೇ ಹಾಲೆರೆದು ಸಾಕಿಕೊಂಡಿದ್ದಾರೆ! ಕನಿಕರವೂ ಆಯಿತು, ಅದಕ್ಕೆ ಇನ್ನಷ್ಟು ರೇಗಿತು.

‘ನಿಮ್ ಪಕ್ಕ ಮಲಗ್ಲಿ ಅಂತ ಅದು ಜೀವಮಾನ ಎಲ್ಲ ನಡುಗ್ತಾ ಇರ್ಬೇಕಾ?’ ಎಂದಳು. ‘ಸಂಜೆ ಜನ ಬರ್ತಾರಲ್ಲ, ಅವ್ರಿಗೆ ನೀವೇ ಹೇಳಿ. ನೀವು ಹೇಳ್ದಿದ್ರೆ ನಾನು ಹೇಳ್ತೀನಿ.’

ಬಟ್ಟಲು ಎತ್ತಿಕೊಂಡು ಹೋಗಿ ಹಿತ್ತಲಲ್ಲಿ ಕುಕ್ಕಿ, ಬೆಳಗಾಗುತ್ತಲೇ ಭೀಮರಾಜು ಅವರಿಗೆ ಫೋನು ಮಾಡಿದಳು. ಹಾಲಿನ ವಾಸನೆಯೂ ಇಲ್ಲ ಎಂದು ಗಂಟಲು ಹರಿದುಕೊಂಡಿದ್ದವಳು ಈಗ ದಿನಕ್ಕೊಂದು ಬಟ್ಟಲು ಹಾಲಿತ್ತು ಎಂದು ಒಪ್ಪಿಕೊಳ್ಳಬೇಕಾಯಿತು. ಅಂಥ ಮುಖಭಂಗ ಅವಳಿಗೆ ಹಿಂದೆಂದೂ ಆಗಿರಲಿಲ್ಲ. ಡಾಕ್ಟರು ಬೈಯಲಿಲ್ಲ. ಹಾಲು ನಿಂತರೆ ಎಂಟು ಮಾತ್ರೆ ಹೆಚ್ಚಾಗಿ ಎದೆ ಹಾರಿಸೀತು, ಇವತ್ತಿನಿಂದಲೇ ಆರಕ್ಕೆ ಇಳಿಸಿ, ಆರು ವಾರಕ್ಕೆ ಮತ್ತೆ ನೋಡೋಣ ಎಂದರು. ಮತ್ತೆ ಆರು ವಾರ! ಇಷ್ಟು ದಿನ ಮಾಡಿದ್ದೆಲ್ಲ ಹೊಳೆಗೆ ಹಾಕಿದಂತಾಯಿತು.

ಸಂಜೆ ಮನೆ ತುಂಬಿತು. ಭಜನೆಗೆ ಮುಂಚೆಯೇ ಹೆಂಗಸರು ನಾಯಿಯ ಸುತ್ತ ಕೂತುಬಿಟ್ಟರು. ಗೌಡಗೆರೆಯ ದಾಸಮ್ಮ ಎಂಬ ಮುದುಕಿ ಅದರ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಬಸುರಿ ಮೊಮ್ಮಗಳ ಹೆಸರು ಹೇಳಿ ಬೇಡಿಕೊಂಡಳು. ದಳವಾಯಿ ಜೋತ ಮುಖದಿಂದ ಅವಳನ್ನು ನೋಡಿತು. ಎಂಥಾ ವೈರಾಗ್ಯ ನೋಡಿ ಎಂದು ಯಾರೋ ಅಂದರು. ಬಾಗಿಲಲ್ಲಿ ನಿಂತಿದ್ದ ಸರೋಜಮ್ಮ ಹಲ್ಲು ಕಚ್ಚಿಕೊಂಡಳು. ಗಂಡ ಏಳುವುದಿಲ್ಲ ಎಂದೇ ಅವಳ ಎಣಿಕೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೇ ಮುಂದೆ ಬರುವುದರಲ್ಲಿದ್ದಳು.

ಮರುಳಸಿದ್ದಯ್ಯ ಎದ್ದು ನಿಂತರು. ಇದಕ್ಕೆ ಭಕ್ತಿ ಇಲ್ಲ, ಕಾಯಿಲೆ ಇದೆ ಎಂದರು. ಚಳಿಗೆ ದೀಪ ಹುಡುಕಿಕೊಂಡು ಬಂದಿತ್ತು, ನಾನು ಶಿವನನ್ನು ಹುಡುಕಿಕೊಂಡು ಬಂತು ಅಂದುಕೊಂಡೆ ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ನಿಲ್ಲಿಸಲಿಲ್ಲ.

‘ಮಾತ್ರೆ ಕೆಲ್ಸ ಮಾಡದಂಗೆ ಗೊತ್ತಿದ್ದೂ ದಿನಾ ಹಾಲು ಕುಡಿಸ್ದೆ. ಪ್ರಸಾದ ಅಂತ ಹೆಸರಿಟ್ಟು ಕುಡಿಸ್ದೆ. ನನ್ ತಪ್ಪು.’

ದಾಸಮ್ಮ ನಾಯಿಯ ಕಾಲಿನ ಮೇಲಿಟ್ಟಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದೋ ಬೇಡವೋ ಎಂದು ಹಾಗೇ ಹಿಡಿದಿದ್ದಳು. ಕೊನೆಗೆ ಕೂಟದ ಹಿರಿಯ ಪರ್ವತಯ್ಯ ಕೆಮ್ಮಿ, ತಮ್ಮ ಸೊಸೆಗೂ ಥೈರಾಯ್ಡ್ ಇದೆ, ಅವಳೂ ಮಾತ್ರೆ ನುಂಗಿದ ಕೈಯಲ್ಲೇ ಹಾಲು ಹಾಕಿದ ಕಾಫಿ ಕುಡಿಯುತ್ತಾಳೆ, ಅದೂ ತಪ್ಪೇ ಎಂದು ಕೇಳಿದರು. ತಪ್ಪೇ ಎಂದಳು ಸರೋಜಮ್ಮ ಬಾಗಿಲಿಂದಲೇ. ಅಷ್ಟು ಸಾಕಾಯಿತು. ನನಗೆ ಐವತ್ತರ ಮಾತ್ರೆ, ನನಗೆ ಎಪ್ಪತ್ತೈದರದು ಎಂದು ಹೆಂಗಸರೆಲ್ಲ ಶುರುಮಾಡಿದರು. ಪ್ರವಚನ ಹೇಳಲು ಬಂದವರು ಕೈಚೀಲ ಹಿಡಿದು ಸುಮ್ಮನೆ ಕೂತರು. ಆವತ್ತು ಆ ಮನೆಯಲ್ಲಿ ಶಿವನ ಅನುಭವಕ್ಕಿಂತ ಥೈರಾಯ್ಡಿನ ಅನುಭವವೇ ಹೆಚ್ಚು ಹೊತ್ತು ನಡೆಯಿತು. ಸರೋಜಮ್ಮನ ಪಾಯಸವನ್ನು ಮಾತ್ರ ಯಾರೂ ಬಿಡಲಿಲ್ಲ.

ಮಾರನೆಯ ದಿನದಿಂದ ಮಾತ್ರೆಯ ಕೆಲಸವನ್ನು ಮರುಳಸಿದ್ದಯ್ಯ ತಾವೇ ವಹಿಸಿಕೊಂಡರು. ಅವರನ್ನು ನಂಬುವವರು ಯಾರು? ಒಂದು ವಾರ ಸರೋಜಮ್ಮ ಬಾಗಿಲ ಸಂದಿಯಿಂದ ಪಹರೆ ಮಾಡಿದಳು, ಹಾಲಿನ ಪಾತ್ರೆಗೆ ಗುರುತು ಹಾಕಿಟ್ಟಳು. ಅವರು ಆರು ಮಾತ್ರೆ ಪುಡಿಮಾಡಿ, ಮುದ್ದೆಯಲ್ಲಿಟ್ಟು, ಬೆವರುತ್ತ ಬೆವರುತ್ತ ದವಡೆ ಹಿಡಿದು ಗಂಟಲು ನೀವುತ್ತಿದ್ದರು. ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೆರಡು ಗೀಟು ಎಳೆಯುತ್ತಿದ್ದರು. ಪಾಪಕ್ಕನ ಮನೆಗೆ ಹೋಗಿ ತಪ್ಪಾಯಿತು ಎಂದು ಸರೋಜಮ್ಮ ಹೇಳಿಬಂದಳು. ಅದಕ್ಕೂ ಅವಳೇ ಹೋಗಬೇಕಾಯಿತು.

ಎರಡನೆಯ ವಾರಕ್ಕೆ ದಳವಾಯಿ ತಟ್ಟೆ ಖಾಲಿ ಮಾಡಿ ಇನ್ನೂ ಬೇಕೆಂದು ನೋಡಿತು. ಮೂರನೆಯ ವಾರ ಮೆಟ್ಟಿಲನ್ನು ಒಂದೇ ಏಟಿಗೆ ಹತ್ತಿತು. ನಾಲ್ಕನೆಯ ವಾರದ ಒಂದು ಬೆಳಗ್ಗೆ, ಪೂಜೆಯ ನಡುವೆ, ಎದ್ದು ಮೈ ಕೊಡವಿಕೊಂಡು ಹೊರಟುಹೋಯಿತು. ಮರುಳಸಿದ್ದಯ್ಯ ಅಂಗೈಯ ಲಿಂಗದಿಂದ ಕಣ್ಣು ತೆಗೆಯಲಿಲ್ಲ. ಪೂಜೆ ಮುಗಿಸಿ ಬಂದು, ಅವ್ನು ಇವತ್ತು ಅಂಗಳದಲ್ಲಿ ಮಲಗಿದಾನೆ ಎಂದಷ್ಟೇ ಹೇಳಿ ಕಾಫಿ ಕುಡಿದರು. ಸರೋಜಮ್ಮನಿಗೆ ಏನಾದರೂ ಹೇಳೋಣ ಅನ್ನಿಸಿತು. ಏನು ಹೇಳುವುದೆಂದು ತಿಳಿಯದೆ, ಕಾಫಿಗೆ ಸಕ್ಕರೆ ಸಾಕಾ ಎಂದು ಕೇಳಿದಳು.

ರಕ್ತದ ಅಂಕಿ ಸರಿಯಾಗಿ ಬಂತೆಂದು ಡಾಕ್ಟರು ಫೋನು ಮಾಡಿದ್ದು ಜನವರಿಯ ಮೊದಲನೆಯ ವಾರ. ಇದೇ ಪ್ರಮಾಣ ಮುಂದುವರಿಸಿ, ಬಾಲದ ಕೂದಲಿಗೆ ಇನ್ನೂ ಕೆಲವು ತಿಂಗಳು ಬೇಕು ಎಂದರು. ಅದಾಗಿ ಎರಡು ದಿನಕ್ಕೆ, ಸಂಜೆ ಐದರ ಹೊತ್ತು, ಸರೋಜಮ್ಮ ಅಡಿಗೆಮನೆಯಲ್ಲಿ ಅವರೆಕಾಳು ಹಿಚುಕುತ್ತ ಕೂತಿದ್ದಳು. ಹೊರಗೆ ಗೇಟು ಕಿರುಗುಟ್ಟಿತು. ಮರುಕ್ಷಣವೇ ಎದೆ ನಡುಗುವ ಹಾಗೆ ಬೊಗಳಿಕೆ.

ಒಂದು ಕ್ಷಣ ಅವಳಿಗೆ ಅದೇನೆಂದೇ ಹೊಳೆಯಲಿಲ್ಲ. ಹೊಳೆದ ಮೇಲೆ ಕಾಳಿನ ತಟ್ಟೆ ಬಿದ್ದು ಹೋದದ್ದೂ ಗೊತ್ತಾಗಲಿಲ್ಲ, ಓಡಿದಳು. ದಳವಾಯಿ ಗೇಟಿಗೆ ಮುಂಗಾಲು ಕೊಟ್ಟು ನಿಂತು, ಬೋಳು ಬಾಲ ನೆಟ್ಟಗೆ ಮಾಡಿ, ಹಲ್ಲು ಬಿಟ್ಟು ಗರ್ಜಿಸುತ್ತಿತ್ತು. ಗೇಟಿನಾಚೆ ಮರುಳಸಿದ್ದಯ್ಯ. ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದು ಕೈಯಲ್ಲಿ ಶಂಕರಲಿಂಗಪ್ಪನ ಅಂಗಡಿಯ ಪೊಟ್ಟಣ. ಮುಖದ ತುಂಬ ಬೆವರು. ಆರು ವಾರ ಕೈಯಾರೆ ಮಾತ್ರೆ ನುಂಗಿಸಿದವರನ್ನು ನೋಡಿ ಬೊಗಳುತ್ತದಲ್ಲ, ನಿಯತ್ತಿಲ್ಲದ ಪ್ರಾಣಿ ಎಂದು ಸರೋಜಮ್ಮನಿಗೆ ರೇಗಿಹೋಯಿತು. ಕೊರಳಪಟ್ಟಿಗೆ ಕೈ ಹಾಕಲು ಹೋದಳು.

‘ತಡಿಯೇ, ಹಿಡೀಬೇಡ,’ ಎಂದರು ಮರುಳಸಿದ್ದಯ್ಯ. ‘ಇನ್ನೊಂದಿಷ್ಟು ಬೊಗಳ್ಲಿ ಬುಡು.’

ಸರೋಜಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು. ದಳವಾಯಿ ಬೊಗಳಿತು. ಮರುಳಸಿದ್ದಯ್ಯ ಗೇಟಿನಾಚೆ ಬೆವರುತ್ತ, ನಡುಗುತ್ತ, ಅಷ್ಟನ್ನೂ ನಿಂತು ಕೇಳಿಸಿಕೊಂಡರು.